ಬ್ರೇಕಿಗೆ ಎಣ್ಣೆಸ್ನಾನ

ಯಾರೋ ಹೇಳಿದರು ಎಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ನಂಬಬಾರದು ಎಂಬುದು ನನ್ನ ಜೀವನದ ಮೂಲಸೂತ್ರ. ಶಾಲೆ ನನ್ನನ್ನು ಬೇಗನೆ ಕೈಬಿಟ್ಟಿತಾದರೂ ಓದನ್ನು ನಾನು ಕೈಬಿಡಲಿಲ್ಲ. ಮಳವಳ್ಳಿಯ ಗ್ರಂಥಾಲಯದ ಕಪಾಟುಗಳನ್ನು ಎಡದಿಂದ ಬಲಕ್ಕೆ ಓದಿಕೊಂಡು ಬಂದವನು ನಾನು. ಅದರ ಫಲವಾಗಿ, ಓದಿದವರನ್ನೂ ಓದದವರನ್ನೂ ಸಮಾನವಾಗಿ ಅನುಮಾನಿಸುವ ಶಕ್ತಿ ನನಗೆ ಪ್ರಾಪ್ತವಾಗಿದೆ. ಮದ್ದೂರು ವಡೆ ಹುಟ್ಟಿದ್ದು ರೈಲಿನ ಅವಸರದಿಂದ ಎಂದು ಜಗತ್ತೇ ಹೇಳುತ್ತದೆ; ನಾನು ಇನ್ನೂ ಒಪ್ಪಿಲ್ಲ. ಅವಸರದಲ್ಲಿ ಮಾಡಿದ ಪದಾರ್ಥ ಅಷ್ಟು ಗರಿಗರಿಯಾಗಿರುವುದು ಅಸಾಧ್ಯ. ಇಂಥ ನಾನು ಕಾರಿನ ಬ್ರೇಕಿನ ವಿಷಯದಲ್ಲಿ ಮಾತ್ರ ಒಬ್ಬ ಮೆಕ್ಯಾನಿಕ್ಕನ ಮಾತನ್ನು ಕಣ್ಣುಮುಚ್ಚಿ ನಂಬುವೆನೇ? ನಂಬಲಿಲ್ಲ. ನಂಬಿದ್ದರೆ ಈ ಬರಹವೇ ಇರುತ್ತಿರಲಿಲ್ಲ!

ಸಂದರ್ಭ ಹೀಗಿತ್ತು. ನನ್ನ ಮಗಳು ಸವಿತಾ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಹೆತ್ತು ಅತ್ತೆಯ ಮನೆಯಲ್ಲಿದ್ದಳು. ತಾಯಿ-ಮಗುವನ್ನು ಬಾಣಂತನಕ್ಕೆ ಮಳವಳ್ಳಿಯ ನಮ್ಮ ಮನೆಗೆ ಕರೆತರಲು ಸೋಮವಾರ ಒಳ್ಳೆಯ ದಿನವೆಂದು ಗೊತ್ತಾಗಿತ್ತು. ಬೀಗರು ಬಾಡಿಗೆ ಕಾರಿನ ಮಾತೆತ್ತಿದರು. ನಾನು ಎದ್ದು ನಿಂತು, ಸಭೆಯಲ್ಲಿ ಮಾತನಾಡುವವನಂತೆ, "ನನ್ನ ಮೊಮ್ಮಗಳ ಮೊಟ್ಟಮೊದಲ ದೂರಪ್ರಯಾಣ ತಾತನ ಕಾರಿನಲ್ಲಿ, ತಾತನ ಸಾರಥ್ಯದಲ್ಲಿಯೇ ಆಗತಕ್ಕದ್ದು" ಎಂದು ಘೋಷಿಸಿದೆ. ಬೀಗರು ಸುಮ್ಮನಾದರು. ನನ್ನ ಕಾರು ಸುಮ್ಮನಾಗಲಿಲ್ಲ. ಅದೇ ವಾರ, ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಎಡಚಕ್ರದಿಂದ ಕರ್ಣಕಠೋರವಾದ ಕೂಗೊಂದು ಹೊರಡತೊಡಗಿತು.

"ಏನ್ರೀ, ಹಂದಿ ಕುಯ್ದಂಗೆ ಕೂಗ್ತದಲ್ರೀ ಇದು! ಎಳೇ ಮಗೀನ ಇದ್ರಲ್ಲಿ ಕೂರ್ಸಕಾದದಾ?" ಎಂದಳು ನನ್ನ ಹೆಂಡತಿ ಚಿಕ್ಕತಾಯಮ್ಮ.

"ಹಾರನ್ನಿನ ಕೆಲಸವನ್ನೂ ಅದೇ ಮಾಡ್ತಾ ಅದೆ, ಒಳ್ಳೇದೇ ಆಯ್ತಲ್ಲ" ಎಂದೆ.

"ತಮಾಸೆ ಸಾಕು. ಮೊದ್ಲು ಯೂಸುಫಣ್ಣನ ತಾವ ತಕ್ಕೊಂಡು ಓಗಿ."

ಯೂಸುಫ್ ನನ್ನೊಡನೆ ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಮಳವಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ವಿನಯವೆಂಬುದು ಅವನ ಹತ್ತಿರ ಸುಳಿದಿಲ್ಲ. ಬಾನೆಟ್ಟು ತೆರೆಯದೆ ಕಿವಿಯಿಂದಲೇ ಕಾಯಿಲೆ ಹೇಳುತ್ತೇನೆಂಬುದು ಅವನ ಜಂಬ. ನಾನು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ್ದೇ ತಡ, ಒಳಗಿನಿಂದಲೇ ಕೂಗಿದ.

"ಪ್ಯಾಡು ಸವುದು ಕಬ್ಬಿಣ ಕಬ್ಬಿಣನ ತಿಂತಾ ಅದೆ ಕಣ್ಲಾ ಗೌಡ! ಪ್ಯಾಡೂ ಓಯ್ತು, ಡಿಸ್ಕೂ ಓಯ್ತು."

ಚಕ್ರ ಬಿಚ್ಚಿ ತೋರಿಸಿದ. ಚಕ್ರದ ಒಳಗೆ ಕಬ್ಬಿಣದ ತಟ್ಟೆಯೊಂದು ತಿರುಗುತ್ತದೆ, ಅದೇ ಡಿಸ್ಕು. ಅದನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಬಿಲ್ಲೆಗಳೇ ಪ್ಯಾಡುಗಳು. ಬಿಲ್ಲೆ ಪೂರ್ತಿ ಸವೆದು, ತಟ್ಟೆಯ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟಿನಂತೆ ಗೀರುಗಳೆದ್ದಿದ್ದವು.

"ನಾಕು ಪ್ಯಾಡು, ಎರಡು ಡಿಸ್ಕು ಬೇಕು" ಎಂದ ಯೂಸುಫ್.

"ಕೂಗ್ತಿರೋದು ಎಡಗಡೆ. ಎಡಗಾಲಿಗೆ ಮುಳ್ಳು ಚುಚ್ಚಿದ್ರೆ ಬಲಗಾಲಿಗೂ ಪಟ್ಟಿ ಕಟ್ತಾರೇನ್ಲಾ?"

"ನೊಗಕ್ಕೆ ಒಂದ್ಕಡೆ ಮುದಿ ಎತ್ತು, ಇನ್ನೊಂದ್ಕಡೆ ಹೋರಿ ಕಟ್ದೋರ್ನ ಕಂಡಿದ್ದೀಯಾ? ಗಾಡಿ ಎತ್ಲಾಗೆ ಓಯ್ತದೆ ಏಳು?"

ಅದು ನೇರವಾಗಿ ಹಳ್ಳಕ್ಕೆ ಹೋಗುತ್ತದೆಂಬುದು ನನಗೆ ತಿಳಿದಿತ್ತು. ಒಪ್ಪಿದೆ. ಆದರೆ ಅದು ಎತ್ತುಗಳ ವಿಷಯದಲ್ಲಿ ನನಗಿದ್ದ ಸ್ವಂತ ಅನುಭವಕ್ಕೆ ಕೊಟ್ಟ ಗೌರವವೇ ಹೊರತು ಯೂಸುಫನ ಮಾತಿಗೆ ಕೊಟ್ಟದ್ದಲ್ಲ. "ಸಾಮಾನು ನಾನೇ ಆರಿಸಿ ತತ್ತೀನಿ" ಎಂದೆ.

"ಗಾಡಿ ಯಾವ್ದು, ಯಾವ ವರ್ಸದ್ದು ಅಂತ ಅಂಗ್ಡೀಲಿ ಏಳು, ಅಷ್ಟೇಯ" ಎಂದ.

ಅಷ್ಟೇ ಹೇಳಿದರೆ ಸಾಕೆಂಬುದನ್ನು ನಾನು ನಂಬಬೇಕೆ? ವರ್ಷವನ್ನು ಹೇಳಿದ ಮಾತ್ರಕ್ಕೆ ಅಳತೆ ಸರಿಹೊಂದುವುದಾದರೆ, ಒಂದೇ ವರ್ಷ ಹುಟ್ಟಿದವರೆಲ್ಲ ಒಂದೇ ಅಂಗಿ ತೊಡಬೇಕಿತ್ತು. ನಾನು ಹಳೆಯ ಡಿಸ್ಕಿನ ಸುತ್ತ ಒಂದು ನೂಲು ಸುತ್ತಿ, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆ. ಬಿಡಿಭಾಗದ ಅಂಗಡಿಯಲ್ಲಿ ಗಲ್ಲಾದ ಮೇಲೆ ನೂಲನ್ನು ಗಂಭೀರವಾಗಿ ದುಂಡಗೆ ಹರಡಿದೆ.

ಅಂಗಡಿಯವನು ನೂಲನ್ನೂ ನನ್ನನ್ನೂ ನೋಡಿದ. "ಸಾರ್, ಬಳೆ ಅಂಗ್ಡಿ ಆ ಕಡೆ ಸಾಲಲ್ಲಿ ಅದೆ."

ಕೊನೆಗೆ ಕಾರಿನ ಹೆಸರನ್ನೂ ವರ್ಷವನ್ನೂ ನನ್ನ ಬಾಯಿಂದ ಹೊರಡಿಸಿ ಡಿಸ್ಕು ತೆಗೆದುಕೊಟ್ಟ. ನೂಲು ಅದಕ್ಕೆ ಸರಿಯಾಗಿ ಹೊಂದಿತು. ನನ್ನ ವಿಧಾನವೇ ಗೆದ್ದಿತೆಂದು ಭಾವಿಸಿದೆ.

"ಪ್ಯಾಡು ಸೆರಾಮಿಕ್ ಕೊಡ್ಲಾ ಸಾರ್? ಸದ್ದೇ ಬರಲ್ಲ" ಎಂದ.

ಸೆರಾಮಿಕ್ ಎಂದರೆ ಪಿಂಗಾಣಿ ಎಂದು ನಾನು ನಿಘಂಟಿನಲ್ಲಿ ಓದಿಬಲ್ಲೆ. ನಮ್ಮ ಮನೆಯಲ್ಲಿ ಪಿಂಗಾಣಿಯ ಕಪ್ಪುಗಳು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಬಾಳಿದ ಇತಿಹಾಸವಿಲ್ಲ. ಕಪ್ಪನ್ನೇ ಕಾಪಾಡಲಾರದ ವಸ್ತು ಕಾರನ್ನು ನಿಲ್ಲಿಸೀತೆ? ಖಡಾಖಂಡಿತವಾಗಿ ನಿರಾಕರಿಸಿದೆ. ಅವನು ಮಾಮೂಲಿ ಪ್ಯಾಡುಗಳ ಪೊಟ್ಟಣಗಳನ್ನು ಮುಂದಿಟ್ಟ. ನಾನು ಒಂದೊಂದನ್ನೇ ಕಿವಿಯ ಬಳಿ ಹಿಡಿದು, ತೆಂಗಿನಕಾಯಿ ಆರಿಸುವ ಕ್ರಮದಲ್ಲಿ, ಬೆರಳಿನಿಂದ ತಟ್ಟಿ ಪರೀಕ್ಷಿಸಿದೆ.

"ಅದ್ರಲ್ಲಿ ನೀರಿರಲ್ಲ ಸಾರ್" ಎಂದ ಅಂಗಡಿಯವನು.

ಇಲ್ಲಿಯವರೆಗೆ ಆದದ್ದೆಲ್ಲ ಮರ್ಯಾದೆಗೆ ಮಾತ್ರ ಸಂಬಂಧಿಸಿದ್ದು. ಅಪಾಯ ಶುರುವಾದದ್ದು ಮನೆಗೆ ಬಂದ ಮೇಲೆ. ಹೊಸ ಕಬ್ಬಿಣ ಮನೆಗೆ ಬಂದರೆ, ಅದು ಕುಡುಗೋಲಾಗಲಿ ನೇಗಿಲ ಗುಳವಾಗಲಿ, ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚದೆ ಕೆಲಸಕ್ಕೆ ಹಚ್ಚುವುದಿಲ್ಲ. ಚಿಕ್ಕತಾಯಮ್ಮ ಡಿಸ್ಕುಗಳಿಗೆ ಪೂಜೆ ಮಾಡಿ, ಮಗುವಿಗೆಂದು ತೆಗೆದಿಟ್ಟಿದ್ದ ಹಳೆಯ ಮೆತ್ತನೆಯ ಬಟ್ಟೆಗಳನ್ನು ಒಗೆಯಲು ಹಿತ್ತಲಿಗೆ ಹೋದಳು. ನಾನು ಒಂದು ಡಿಸ್ಕನ್ನು ಕೈಗೆತ್ತಿಕೊಂಡೆ. ಬೆರಳಿಗೆ ಜಿಡ್ಡು ತಾಗಿತು. ಕಾರ್ಖಾನೆಯವರೇ ಅದರ ಮೇಲೆ ತೆಳ್ಳಗೆ ಎಣ್ಣೆ ಸವರಿದ್ದರು!

ನನ್ನ ತಲೆಯಲ್ಲಿ ದೀಪ ಹೊತ್ತಿತು. ನನ್ನ ತಂದೆಯ ಎತ್ತಿನ ಗಾಡಿ ಕಿರುಗುಟ್ಟಿದರೆ ಅವರು ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದರು. ಕೂಗು ಅಲ್ಲಿಗೇ ನಿಲ್ಲುತ್ತಿತ್ತು. ಕೂಗು ಬರುವುದು ಒಣಗಿದ್ದರಿಂದ. ಇಷ್ಟು ಸರಳವಾದ ಸತ್ಯವನ್ನು ಮೆಕ್ಯಾನಿಕ್ಕುಗಳು ಮುಚ್ಚಿಟ್ಟು ಮೇಲಿಂದ ಮೇಲೆ ಪ್ಯಾಡು ಬದಲಾಯಿಸುತ್ತಿದ್ದಾರೆ! ಕಾರ್ಖಾನೆಯವರಿಗೆ ಗುಟ್ಟು ಗೊತ್ತು, ಆದರೆ ಜಿಪುಣರು. ಡಿಸ್ಕಿಗೆ ತುಸು ಸವರಿ, ಪ್ಯಾಡಿಗೆ ಒಂದು ತೊಟ್ಟನ್ನೂ ಕೊಟ್ಟಿಲ್ಲ.

ಅಡುಗೆಮನೆಯ ಅಟ್ಟದ ಮೇಲೆ ಡಬ್ಬವೊಂದರಲ್ಲಿ ಹರಳೆಣ್ಣೆ ಇತ್ತು. ಗಟ್ಟಿಯಾದ, ಹೊಂಬಣ್ಣದ, ಮನೆಯಲ್ಲೇ ಕಾಯಿಸಿದ ಎಣ್ಣೆ. ಡಿಸ್ಕುಗಳಿಗೆ ಧಾರಾಳವಾಗಿ ಹಚ್ಚಿದೆ. ಪ್ಯಾಡುಗಳನ್ನು ಬೋಗುಣಿಯೊಂದರಲ್ಲಿ ಜೋಡಿಸಿ, ಮುಳುಗುವಷ್ಟು ಎಣ್ಣೆ ಸುರಿದು, ದೋಸೆಗೆ ಉದ್ದು ನೆನೆಹಾಕುವಂತೆ ನೆನೆಹಾಕಿ ಕೊಟ್ಟಿಗೆಯಲ್ಲಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಅವು ಸಾಕಷ್ಟು ಕುಡಿದಿದ್ದವು. ಬಟ್ಟೆಯಿಂದ ಒರೆಸಿ ಪೊಟ್ಟಣಕ್ಕೆ ಮರಳಿಸಿದೆ. ಲೋಕಕ್ಕೆ ಉಪಕಾರ ಮಾಡಿದವರು ಅದನ್ನು ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಲಿಲ್ಲ.

ಯೂಸುಫ್ ಡಿಸ್ಕುಗಳನ್ನು ನೋಡಿ ಕಂಪನಿಯವರನ್ನು ಬಯ್ದ. "ಏನ್ಲಾ ಇದು, ತುಕ್ಕು ಇಡೀದಿರ್ಲಿ ಅಂತ ತಲೆಗೆ ಬಳ್ದಂಗೆ ಬಳ್ದು ಕಳ್ಸವ್ರೆ!" ಎಂದು ಪೆಟ್ರೋಲಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದ. ನನಗೆ ಸಂಕಟವಾಯಿತು. ಆದರೆ ಪ್ಯಾಡುಗಳ ಹೊಟ್ಟೆಯೊಳಗಿನ ಎಣ್ಣೆ ಅವನ ಕೈಗೆ ಸಿಗುವಂತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವನು ಮೂಗು ಅರಳಿಸಿದ.

"ಏನೋ ವಾಸ್ನೆ ಬತ್ತಾ ಅದಲ್ಲ?"

"ತಲೆಗೆ ಎಣ್ಣೆ ಹಚ್ಕೊಂಡಿದ್ದೀನಿ."

"ತಲೇಲಿ ಒಂದ್ ಕೂದ್ಲಿಲ್ಲ, ನಿಂಗ್ಯಾಕ್ಲಾ ಎಣ್ಣೆ?"

ಜೋಡಿಸಿ ಮುಗಿಸಿ, ಗ್ಯಾರೇಜಿನ ಮುಂದೆ ಮೆಲ್ಲಗೆ ಒಂದು ಸುತ್ತು ಓಡಿಸಿದ. "ಒಸಿ ಮೆತ್ಗದೆ. ಹೊಸಾ ಪ್ಯಾಡಲ್ವಾ, ಕೂತ್ಕಳಗಂಟ ಅಂಗೇಯ. ಆದ್ರೆ ಕಿವಿ ಕೊಟ್ಟು ಕೇಳು, ಏನಾದ್ರೂ ಸದ್ದು ಬತ್ತದಾ? ಇದು ಯೂಸುಫನ ಕೈ ಕಣ್ಲಾ!" ಎಂದ. ಸದ್ದು ಬರಲಿಲ್ಲ. ಅದು ಯಾರ ಕೈಚಳಕವೆಂದು ನನಗೊಬ್ಬನಿಗೇ ಗೊತ್ತಿತ್ತು. ನಸುನಕ್ಕೆ.

ಮೊಮ್ಮಗಳನ್ನು ತರುವ ಮುನ್ನ ಒಂದು ತಾಲೀಮು ಮಾಡುವುದು ಜವಾಬ್ದಾರಿಯುತ ಸಾರಥಿಯ ಲಕ್ಷಣ. ಭಾನುವಾರ ಬೆಳಿಗ್ಗೆ ಚಿಕ್ಕತಾಯಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮಗುವಿನ ತೂಕಕ್ಕೆ ಸರಿಹೊಂದುವ ಸಿಹಿಗುಂಬಳಕಾಯಿಯೊಂದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಿಗಿಟ್ಟೆ.

"ನಿಮ್ಗೇನ್ ಉಚ್ಚು ಹಿಡ್ದದಾ?" ಎಂದಳು.

"ಕುತ್ತಿಗೆಗೆ ಕೈ ಕೊಟ್ಟು ಹಿಡಿ" ಎಂದೆ.

ಮದ್ದೂರಿನ ದಾರಿ ಹಿಡಿದೆವು. ಮೊದಲ ಹಂಪು ಬಂತು. ಬ್ರೇಕು ಒತ್ತಿದೆ. ಕಾರು ಅದನ್ನು ಆಜ್ಞೆಯೆಂದು ಭಾವಿಸದೆ ಸಲಹೆಯೆಂದು ಭಾವಿಸಿತು. ಹಾರಿತು.

"ಏನ್ರೀ, ಮಗ!" ಎಂದು ಚಿಕ್ಕತಾಯಮ್ಮ ಕುಂಬಳಕಾಯಿಯನ್ನು ಅವಚಿಕೊಂಡಳು.

"ಪ್ಯಾಡು ಕೂತ್ಕೋತಾ ಅದೆ, ಗಾಬರಿ ಬೇಡ."

ಮುಂದಿನ ಹಂಪಿನಲ್ಲಿ ಇನ್ನಷ್ಟು ಬಲವಾಗಿ ಒತ್ತಿದೆ. ಒತ್ತಿದಷ್ಟೂ ಪ್ಯಾಡು ಬಿಸಿಯಾಗಿ, ಬಿಸಿಯಾದಷ್ಟೂ ಒಳಗಿನ ಎಣ್ಣೆ ಹೊರಬಂದು, ಎಣ್ಣೆ ಬಂದಷ್ಟೂ ಡಿಸ್ಕು ಜಾರುತ್ತಿತ್ತೆಂಬುದು ಆಮೇಲೆ ತಿಳಿದ ವಿಜ್ಞಾನ. ಆಗ ತಿಳಿದದ್ದು ಇಷ್ಟೇ: ದಾರಿ ನಾಲೆಯ ಸೇತುವೆಯ ಕಡೆಗೆ ಇಳಿಜಾರಾಗಿತ್ತು, ಮುಂದೆ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ದಾರಿಯೆಲ್ಲ ತನ್ನದೇ ಎಂಬಂತೆ ಸಾಗುತ್ತಿತ್ತು, ಮತ್ತು ನನ್ನ ಕಾರು ನಿಲ್ಲುತ್ತಿರಲಿಲ್ಲ. ಎರಡೂ ಕಾಲು ಸೇರಿಸಿ ಒತ್ತಿದೆ. ಹಾರನ್ನು ಹೊಡೆದೆ. ಕೈಬ್ರೇಕನ್ನು ಬೇರುಸಹಿತ ಕೀಳುವಂತೆ ಎಳೆದೆ. ವೇಗ ತುಸು ತಗ್ಗಿತು, ಕಾರು ಮಾತ್ರ ನಿಲ್ಲಲಿಲ್ಲ.

ಗಾಡಿಯವನು ತಿರುಗಿ ನೋಡಿದ. "ಲೇ ಲೇ ಲೇ! ಕಣ್ ಕಾಣಲ್ವೇನ್ಲಾ? ಎತ್ಲಾಗ್ಲಾ ಬತ್ತೀಯೆ?"

ಎತ್ತಲಾಗಿ ಬರುತ್ತಿದ್ದೇನೆಂಬ ಪ್ರಶ್ನೆಗೆ ಆ ಕ್ಷಣದಲ್ಲಿ ನನ್ನ ಬಳಿ ಖಚಿತವಾದ ಉತ್ತರವಿರಲಿಲ್ಲ. ಎಡಗಡೆ ಆಲೆಮನೆಯೊಂದರ ಅಂಗಳ ಕಂಡಿತು. ಕಬ್ಬು ಅರೆದು ಉಳಿದ ಸಿಪ್ಪೆಯನ್ನು ಒಣಗಿಸಿ ಅಲ್ಲಿ ಗುಡ್ಡೆ ಹಾಕಿದ್ದರು. ಸ್ಟಿಯರಿಂಗ್ ತಿರುಗಿಸಿದೆ. ಕಾರು ಆ ಗುಡ್ಡೆಯೊಳಕ್ಕೆ, ಕೋಳಿ ಗೂಡಿಗೆ ಹೋಗುವಷ್ಟು ಮೆತ್ತಗೆ, ಕನ್ನಡಿಯವರೆಗೂ ಹೊಕ್ಕು ನಿಂತಿತು. ನಾನು ಹಿಂದಕ್ಕೆ ತಿರುಗಿದೆ. ಚಿಕ್ಕತಾಯಮ್ಮ ಕಣ್ಣುಮುಚ್ಚಿ, ಬಟ್ಟೆಯ ಗಂಟನ್ನು ಎದೆಗವಚಿ, ಅದರ ಮೇಲೆ ಪೂರ್ತಿ ಬಾಗಿ ಕೂತಿದ್ದಳು. ಅವಳಿಗೂ ಕುಂಬಳಕಾಯಿಗೂ ಒಂದು ಗೀರೂ ಬಿದ್ದಿರಲಿಲ್ಲ. ಆ ಭಂಗಿಯನ್ನು ನೋಡಿದ ಮೇಲೆ ನನಗೆ ಅರಿವಾಯಿತು: ನಾಳೆ ಆ ಬಟ್ಟೆಯೊಳಗೆ ಇರುವುದು ಕುಂಬಳಕಾಯಿಯಲ್ಲ.

ಆದರೆ ಯೋಚಿಸುತ್ತ ಕೂರಲು ಸಮಯವಿರಲಿಲ್ಲ. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಸುತ್ತಲೂ ಒಣಗಿದ ಸಿಪ್ಪೆ! ಆಲೆಮನೆಯ ಯಜಮಾನ ಕೆಂಪಣ್ಣ, "ತಳ್ರುಲಾ ಆಚ್ಗೆ!" ಎಂದು ಅರಚುತ್ತ ಆಳುಗಳೊಂದಿಗೆ ಓಡಿಬಂದ. ಕಾರನ್ನು ಅಂಗಳದ ನಡುವಿಗೆ ಎಳೆದರು. ಕೈಗೆ ಸಿಕ್ಕ ಕೊಡಗಳನ್ನೆತ್ತಿ ಚಕ್ರಗಳಿಗೆ ಸುರಿದರು. ಚುಂಯ್ ಎಂದಿತು. ಹೊಗೆ ಆರಿತು. ಆಮೇಲೆ ನೋಡಿದರೆ, ಕೊಡದಲ್ಲಿದ್ದದ್ದು ನೀರಲ್ಲ. ಈಗತಾನೆ ಹಿಂಡಿದ ಕಬ್ಬಿನ ಹಾಲು!

ಕೆಂಪಣ್ಣ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು ಮೂಸಿದ. ಬೆಲ್ಲ ಕಾಯಿಸುವ ಕೊಪ್ಪರಿಗೆ ಉಕ್ಕಿ ಬಂದಾಗ ತೊಟ್ಟು ಹರಳೆಣ್ಣೆ ಬಿಡುವುದು ಆಲೆಮನೆಯವರ ನಿತ್ಯದ ಕೆಲಸ. ಆ ವಾಸನೆಯನ್ನು ಅವರಿಂದ ಮುಚ್ಚಿಡಲು ಯಾರಿಗೂ ಸಾಧ್ಯವಿಲ್ಲ.

"ಅಳ್ಳೆಣ್ಣೆ ಕಣ್ರಪ್ಪ ಇದು! ಯಜಮಾನ್ರೇ, ನಿಮ್ ಕಾರು ಅಳ್ಳೆಣ್ಣೇಲಿ ಓಡ್ತದಾ?"

"ಓಡಕ್ಕಲ್ಲ," ಎಂದೆ ಕ್ಷೀಣಸ್ವರದಲ್ಲಿ, "ನಿಲ್ಲಕ್ಕೆ."

ಚಿಕ್ಕತಾಯಮ್ಮ ಕಾರಿನಿಂದ ಇಳಿದಳು. "ಅಟ್ಟದ್ ಮೇಲಿನ ಡಬ್ಬದ್ದಾ?"

ನಾನು ತಲೆಯಾಡಿಸಿದೆ.

"ಅಯ್ಯೋ ನಿಮ್ ಬುದ್ಧಿಗಿಷ್ಟು! ಮಗೀನ ನೆತ್ತಿಗೆ ಅಂತ ಹರಳು ಉರ್ದು, ಕುಟ್ಟಿ, ಕಾಯ್ಸಿ ಮಡ್ಗಿದ್ದೆ ಕಣ್ರೀ! ಮೊಮ್ಮಗಳ್ ತಲೆಗೆ ಹಚ್ಚೋ ಎಣ್ಣೆನ ಕಾರ್ ಕಾಲಿಗೆ ಹಚ್ಚಿದ್ರಾ?"

ಆಲೆಮನೆಯ ಆಳುಗಳು ಕೊಪ್ಪರಿಗೆಯನ್ನೇ ಮರೆತು ನಕ್ಕರು. ಕೊಪ್ಪರಿಗೆ ಉಕ್ಕಿತು. "ಎಣ್ಣೆ ಬುಡ್ರುಲಾ!" ಎಂದು ಕೆಂಪಣ್ಣ ಕೂಗಿದ. ಒಬ್ಬ ನನ್ನ ಚಕ್ರದ ಕಡೆ ಕೈ ತೋರಿಸಿ, "ಅಲ್ಲಿಂದ್ಲೇ ಬಸ್ಕೊಳ್ಳಾನಾ ಅಣ್ಣೋ?" ಎಂದ. ಇಷ್ಟು ಅವಮಾನದ ನಡುವೆಯೂ ಕೆಂಪಣ್ಣ ನಮ್ಮಿಬ್ಬರನ್ನು ಜಗಲಿಯ ಮೇಲೆ ಕೂರಿಸಿ, ಬಿಸಿಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟ. ಹೊರಡುವಾಗ ಚಿಕ್ಕತಾಯಮ್ಮನ ಕೈಗೆ ಒಂದು ಸೀಸೆ ಹರಳೆಣ್ಣೆ ಇಟ್ಟು, "ಮಗೀಗೆ ಕಣಮ್ಮ. ಇವ್ರ ಕೈಗೆ ಮಾತ್ರ ಕೊಡ್ಬ್ಯಾಡಿ" ಎಂದ. ನನ್ನ ಪ್ರಾಣ ಉಳಿಸಿದ ಆ ಸಿಪ್ಪೆಯ ಗುಡ್ಡೆಗೂ ಅದರ ಒಡೆಯನಿಗೂ ನಾನು ಋಣಿ. ಅಷ್ಟು ಮೆತ್ತನೆಯ ಗೋಡೆ ಯಾವ ಊರಿನ ರಸ್ತೆಯ ಪಕ್ಕದಲ್ಲಿ ಸಿಕ್ಕೀತು?

ಕಾರನ್ನು ಟ್ರಾಕ್ಟರಿಗೆ ಕಟ್ಟಿ ಯೂಸುಫನ ಗ್ಯಾರೇಜಿಗೆ ತಂದೆವು. ಚಕ್ರ ಬಿಚ್ಚಿದ. ಹರಳೆಣ್ಣೆಯಲ್ಲಿ ಕರಿದು ಕಬ್ಬಿನ ಹಾಲಿನಲ್ಲಿ ಅದ್ದಿದ ನನ್ನ ಬ್ರೇಕು ಸಿಹಿತಿಂಡಿಯ ಸ್ಥಿತಿಗೆ ಬಂದಿತ್ತು. ಇರುವೆಗಳು ಆಗಲೇ ಸಾಲುಗಟ್ಟಿದ್ದವು.

"ಕಾದ ಡಿಸ್ಕಿಗೆ ತಣ್ಣಗಿದ್ದಿದ್ದು ಸುರ್ದು ಸೊಟ್ಟ ಆಗ್ಬುಟ್ಟದೆ. ಪ್ಯಾಡೂ ಓಯ್ತು, ಡಿಸ್ಕೂ ಓಯ್ತು" ಎಂದ ಯೂಸುಫ್. ವಾರದ ಹಿಂದೆ ಹೇಳಿದ್ದ ಮಾತೇ!

"ಕಿವೀಲೇ ಕಾಯಿಲೆ ಕಂಡು ಹಿಡಿಯೋನು, ಮೂಗಿನ ಹತ್ರಾನೇ ಇದ್ದ ಎಣ್ಣೆ ಗೊತ್ತಾಗ್ಲಿಲ್ವೇನ್ಲಾ ನಿಂಗೆ?" ಎಂದು ನಾನೂ ಬಿಡಲಿಲ್ಲ.

"ನಿನ್ ಬುರುಡೆ ವಾಸ್ನೆ ಅಂದ್ಕಂಡೆ ಕಣ್ಲಾ. ಸ್ನೇಯಿತನ್ನ ನಂಬಿದ್ದು ನಂದೇ ತಪ್ಪು" ಎಂದ. ಬಯ್ಯುತ್ತಲೇ ಬೈಕು ಹತ್ತಿ ಮಂಡ್ಯಕ್ಕೆ ಹೋಗಿ, ಹೊಸ ಡಿಸ್ಕನ್ನೂ ಪ್ಯಾಡನ್ನೂ ತಂದ. ಅಂಗಡಿಯವನು, "ಬಳೆ ಯಜಮಾನ್ರ ಗಾಡಿಗಾ?" ಎಂದು ಕೇಳಿದನಂತೆ. ತಂದದ್ದು ಸೆರಾಮಿಕ್. ಜೋಡಿಸುವಾಗ ನನ್ನನ್ನು ಗ್ಯಾರೇಜಿನ ಹೊರಗೆ ನಿಲ್ಲಿಸಿದ್ದ.

ಸಂಜೆ ಮಂಡ್ಯದಿಂದ ಮಗಳ ಫೋನು ಬಂತು. ಕೆಂಪಣ್ಣನು ನಮ್ಮ ಬೀಗರ ಷಡ್ಡಕನಂತೆ! ಸುದ್ದಿ ನನ್ನ ಕಾರಿಗಿಂತ ವೇಗವಾಗಿ, ಯಾವ ಹಂಪಿಗೂ ನಿಲ್ಲದೆ ಓಡಿತ್ತು. ಬೀಗರು ಬಾಡಿಗೆ ಕಾರಿಗೆ ಹೇಳಿಯೇಬಿಟ್ಟಿರುತ್ತಾರೆಂದು ನಾನು ಲೆಕ್ಕ ಹಾಕಿದೆ.

"ಅಪ್ಪಾ," ಎಂದಳು ಸವಿತಾ, "ಬಾಡಿಗೆ ಕಾರು ಬೇಡ ಅಂದಿದ್ದೀನಿ. ನಮ್ ಕಾರೇ ಬರ್ಲಿ. ನೀನೂ ಬಾ."

"ಬೆಳಿಗ್ಗೇನೇ ಹೊರಡ್ತೀನಿ" ಎಂದೆ.

"ಆದ್ರೆ ಯೂಸುಫ್ ಮಾಮ ಓಡಿಸ್ಲಿ. ನೀನು ಹಿಂದುಗಡೆ ಕೂತ್ಕೊ."

ವಾದಿಸಲು ಬಾಯಿ ತೆರೆದೆ. ಕಣ್ಣುಮುಚ್ಚಿ ಬಟ್ಟೆಯ ಗಂಟಿನ ಮೇಲೆ ಬಾಗಿದ್ದ ಚಿಕ್ಕತಾಯಮ್ಮ ಕಣ್ಣ ಮುಂದೆ ಬಂದಳು. ಬಾಯಿ ಮುಚ್ಚಿದೆ. ಪುರಾವೆ ಕೇಳದೆ ನಾನು ಒಪ್ಪಿಕೊಂಡ ಮೊದಲ ಮಾತು ಅದೇ ಇರಬೇಕು.

ಸೋಮವಾರ ಮಂಡ್ಯದಿಂದ ಹೊರಟೆವು. ಮಂಡಿನೋವಿನ ಚಿಕ್ಕತಾಯಮ್ಮ ಮುಂದೆ, ನಾನೂ ಮಗಳೂ ಹಿಂದೆ. ಬಾಗಿಲು ಹಾಕಿಕೊಂಡ ಕೂಡಲೇ ಸವಿತಾ ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಅಂಗೈಯಗಲದ ಮುಖ, ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ಅನುಮಾನದಿಂದ ನೋಡುತ್ತಿತ್ತು. ನನ್ನ ವಂಶವೆಂಬುದರಲ್ಲಿ ಸಂಶಯ ಉಳಿಯಲಿಲ್ಲ! ಸ್ಟಿಯರಿಂಗ್ ಹಿಡಿದಿದ್ದರೆ ದಾರಿಯುದ್ದಕ್ಕೂ ಲಾರಿಗಳ ಬೆನ್ನನ್ನು ನೋಡುತ್ತಿದ್ದೆ. ಈಗ ಮಂಡ್ಯದಿಂದ ಮಳವಳ್ಳಿಯವರೆಗೂ ಈ ಮುಖವನ್ನು ನೋಡಬಹುದು. ನನ್ನನ್ನು ಹಿಂದಿನ ಸೀಟಿಗೆ ತಳ್ಳಿದವರೆಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಮದ್ದೂರು ದಾಟುವಾಗ ಸ್ಕೂಟರೊಂದು ಅಡ್ಡ ಬಂತು. ಯೂಸುಫ್ ಬ್ರೇಕು ಒತ್ತಿದ. ಕಾರು ಸದ್ದಿಲ್ಲದೆ, ಬೆಣ್ಣೆಯ ಮೇಲೆ ಬೆರಳಿಟ್ಟಂತೆ ನಿಂತಿತು. ಮಗು ರೆಪ್ಪೆಯನ್ನೂ ಅಲುಗಿಸಲಿಲ್ಲ. ಅಲುಗಿದ್ದು ನನ್ನ ಬಲಗಾಲು. ಅದು ತನ್ನಷ್ಟಕ್ಕೆ ತಾನೇ ಕಾರಿನ ನೆಲವನ್ನು ಧಡ್ ಎಂದು ಒತ್ತಿತ್ತು. ಮುಂದಿನ ಹಂಪಿನಲ್ಲಿಯೂ ಒತ್ತಿತು. ಅದರ ಮುಂದಿನದರಲ್ಲಿಯೂ.

"ಲೇ ಗೌಡ," ಎಂದ ಯೂಸುಫ್, ಕನ್ನಡಿಯಲ್ಲಿ ನೋಡುತ್ತಾ, "ಕಾಲ್ ಮೇಲೆತ್ಕಳ್ಳಾ. ನೀ ಒತ್ತಿದ್ರೆ ಗಾಡಿ ನಿಲ್ಲಾಕಿಲ್ಲ."

ನಾನು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲಕ್ಕೆಳೆದುಕೊಂಡು, ಪುರಾಣ ಕೇಳುವವನಂತೆ ಚಕ್ಕಳಮಕ್ಕಳ ಹಾಕಿ ಕೂತೆ. ತೊಡೆ ಇನ್ನಷ್ಟು ಅಗಲವಾಯಿತು. ಮಗು ಒಮ್ಮೆ ಮುಲುಗಿ, ಗಂಟಿಕ್ಕಿದ ಹುಬ್ಬನ್ನು ಸಡಿಲಿಸಿ, ನಿದ್ದೆಹೋಯಿತು.